ಕ್ರೌಂಚದ ಮೊಟ್ಟೆಗೆ ಕಾವಲು ಕೂತ ಬುರುಲ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಬ್ಬನಿಗೆ ಒದ್ದೆಯಾದ ಹುಲ್ಲಿನ ಮೇಲೆ ಹಳೆಯ ಉಣ್ಣೆಕಂಬಳಿ ಹಾಸಿಕೊಂಡು ಬುರುಲ್ ಬೋರಲು ಮಲಗಿದ್ದಾಳೆ. ಕಣ್ಣಿಗೆ ದುರ್ಬೀನು. ಎದುರಿನ ಜೌಗುನೆಲದ ಅಂಚಿನಲ್ಲಿ ಬೂದುಬಣ್ಣದ ಕ್ರೌಂಚವೊಂದು ಎದ್ದು, ಮೈ ಕೊಡವಿ, ಜೋಡಿಹಕ್ಕಿಗೆ ಜಾಗ ಬಿಟ್ಟುಕೊಡುತ್ತದೆ. ಗೂಡು ಅಂತ ಅಲ್ಲೇನೂ ಇಲ್ಲ, ಬರಿನೆಲದ ಮೇಲೆ ಎರಡು ಮೊಟ್ಟೆ. ಒಂದು ಕುರಿಮಂದೆ ಹಾದುಹೋದರೆ ಸಾಕು, ಕಥೆ ಮುಗಿಯಿತು.

"ಗಂಡ ಹೆಂಡತಿ ಪಾಳಿ ಬದಲಾಯಿಸಿದ್ರು. ಈಗ ನಾನು ಚಹಾ ಕುಡೀಬಹುದು," ಎಂದು ಪಿಸುಗುಟ್ಟಿ ಅವಳು ತೆವಳಿಕೊಂಡೇ ಹಿಂದೆ ಸರಿಯುತ್ತಾಳೆ.

ಕಿರ್ಗಿಜ್ ನಾಡಿನ ನಾರಿನ್ ಪಟ್ಟಣದ ಕಡೆಯ ಈ ಬೆಟ್ಟಗಳಲ್ಲಿರುವ ಕೋಕ್‌ತುರ್ನಾ ರಾಷ್ಟ್ರೀಯ ಉದ್ಯಾನ ಪ್ರತಿ ಬೇಸಿಗೆಯಲ್ಲೂ ಓದು ಮುಗಿಸಿದ ಕೆಲವರನ್ನು ತರಬೇತಿಗೆ ತೆಗೆದುಕೊಳ್ಳುತ್ತದೆ. ಋತು ಮುಗಿದಾಗ ಕೆಲಸಕ್ಕೆ ಉಳಿಯುವುದು ಒಬ್ಬರು ಮಾತ್ರ. ಉಳಿಯದಿದ್ದರೆ ಬುರುಲ್‌ಗೆ ಮಾಸ್ಕೋ ಕಾದಿದೆ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ತಾಯಿ, ಮಗಳಿಗೂ ಅದೇ ಮಹಡಿಯಲ್ಲಿ ಒಂದು ಕೆಲಸ ಮಾತಾಡಿಟ್ಟಿದ್ದಾಳೆ. ಬುರುಲ್ ಮೂರನೆಯ ಹೆಣ್ಣುಮಗು. 'ತಿರುಗು' ಎನ್ನುವುದು ಆ ಹೆಸರಿನ ಅರ್ಥ. ಇನ್ನಾದರೂ ಗಂಡಾಗಲಿ ಎಂದು ಹಿರಿಯರು ಇಡುವ ಹೆಸರು. "ನನ್ನ ಹಿಂದೆ ಹುಟ್ಟಿದ್ದೂ ಹೆಣ್ಣೇ. ಹೆಸರಿಟ್ಟೋರ ಮುಖ ನೋಡ್ಬೇಕಿತ್ತು," ಎಂದು ನಗುತ್ತಾಳೆ.

ಕೆಲಸ ಕೇಳಲು ಹಗುರ. ಕ್ರೌಂಚಗಳು ಮೊಟ್ಟೆಯಿಟ್ಟ ನೆಲದ ಸುತ್ತ ಬಟ್ಟೆಚೂರು ಕಟ್ಟಿದ ಹಗ್ಗ ಎಳೆಯಬೇಕು, ಮರಿಗಳು ನಡೆದು ಹೋಗುವವರೆಗೆ ಮಂದೆಗಳು ಅದನ್ನು ದಾಟದಂತೆ ನೋಡಿಕೊಳ್ಳಬೇಕು. ಆದರೆ ಹಗ್ಗದೊಳಗೆ ಸಿಕ್ಕಿರುವುದು ಕುರುಬರು ತಲೆಮಾರುಗಳಿಂದ ತುಳಿದ ಒಳದಾರಿ. ಅದನ್ನು ಬಿಟ್ಟರೆ ನೀರಿಗೆ ಗುಡ್ಡ ಬಳಸಿ ಹೋಗಬೇಕು. ಮೊದಲ ದಿನ ಮೇಲಿನ ಗುಡಾರದ ಹಿರಿಯಾಕೆ ಸೊನುನ್ ಅಪಾ ಅವಳನ್ನು ಕೂರಿಸಿ, ಹುಳಿ ಬರಿಸಿದ ಕುದುರೆಹಾಲಿನ ಕುಮಿಸ್ ಬಟ್ಟಲು ಕೈಗಿಟ್ಟೇ ಬೈದಿದ್ದರು. ನಾಲ್ಕು ಹಕ್ಕಿಗೋಸ್ಕರ ತಮ್ಮ ಕುರಿಗಳು ಊರು ಸುತ್ತಬೇಕೇ ಎಂದು ಅವರ ಪ್ರಶ್ನೆ. ಬುರುಲ್ ವಾದಕ್ಕೆ ನಿಲ್ಲಲಿಲ್ಲ. ದಿನಾ ಹೋದಳು, ಹೆಣ್ಣುಕುದುರೆಯ ಹಾಲು ಕರೆಯುವಾಗ ಮರಿ ಹಿಡಿದುಕೊಂಡಳು, ಬೈಸಿಕೊಂಡಳು, ಬರುವಾಗ ಅವರ ನಾಯಿ ಮೊಟ್ಟೆಯ ಕಡೆ ಓಡದಂತೆ ಕಟ್ಟಿಸಿ ಬಂದಳು. ಬೈಗುಳ ದಿನದಿಂದ ದಿನಕ್ಕೆ ಕಮ್ಮಿಯಾಯಿತು, ಕುಮಿಸ್ ಮಾತ್ರ ಕಮ್ಮಿಯಾಗಲಿಲ್ಲ.

ಉದ್ಯಾನದ ಮುಖ್ಯಸ್ಥ ಎಮಿಲ್ ಮೊದಲೇ ಎಚ್ಚರಿಸಿದ್ದರು. ಒಂದೇ ಒಂದು ಗುಡಾರದಿಂದ ದೂರು ಬಂದರೂ ಗಂಟುಮೂಟೆ ಕಟ್ಟಬೇಕು ಎಂದು. ಹೋದ ವಾರ ಬುರುಲ್ ಮಾಡಿದ್ದು ಒಂದು ಗುಡಾರ ಅಲ್ಲ, ಇಡೀ ಹುಲ್ಲುಗಾವಲೇ ದೂರು ಕೊಡಬಹುದಾದ ತಪ್ಪು.

ಸೊನುನ್ ಅಪಾರ ಗಂಡ ಮುಕಾಶ್ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆಂದು ನಾರಿನ್ ಆಸ್ಪತ್ರೆಗೆ ಸೇರಿದ್ದರು. ಗುಡಾರಗಳಲ್ಲಿ ಫೋನ್ ಸಿಗುವುದಿಲ್ಲ, ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ. ಬುರುಲ್ ಅಲ್ಲಿದ್ದಾಗ ಮುಕಾಶ್‌ರ ಮಗ ಕರೆ ಮಾಡಿದ. ಎಲ್ಲ ಸಸೂತ್ರವಾಗಿ ಮುಗಿದಿದೆ, ಅಪ್ಪ ಎದ್ದು ಕೂತಿದ್ದಾನೆ, ಸೂಪಿಗೆ ಉಪ್ಪು ಸಾಲದೆಂದು ನರ್ಸಮ್ಮನ ಮೇಲೆ ರೇಗುತ್ತಿದ್ದಾನೆ ಎಂದ. ಬುರುಲ್‌ಗೆ ಸಂತೋಷ ತಡೆಯಲಾಗಲಿಲ್ಲ. ಕುದುರೆ ಹತ್ತಿದವಳೇ ನಾಗಾಲೋಟದಲ್ಲಿ ನೇರ ಗುಡಾರಕ್ಕೆ ಓಡಿಸಿದಳು.

ಕಿರ್ಗಿಜ್ ಬೆಟ್ಟದಲ್ಲಿ ಹುಟ್ಟಿದ ಯಾರೂ ಹಾಗೆ ಓಡಿಸುವುದಿಲ್ಲ. ಗುಡಾರ ಕಣ್ಣಿಗೆ ಬಿದ್ದ ಕೂಡಲೇ ಕುದುರೆಯನ್ನು ನಡಿಗೆಗೆ ಇಳಿಸುತ್ತಾರೆ. ಓಡಿಸಿಕೊಂಡು ಬರುವವನು ತರುವುದು ಸಾವಿನ ಸುದ್ದಿ. ಬುರುಲ್‌ಗೂ ಇದು ಕುದುರೆ ಮೇಲೆ ಕೂರಲು ಬಂದಾಗಿನಿಂದ ಗೊತ್ತು. ಗೊರಸಿನ ಸದ್ದು ಕೇಳಿದ್ದೇ ಸೊನುನ್ ಅಪಾ ಜಡೆ ಬಿಚ್ಚಿ, ಬಾಗಿಲಿಗೆ ಬೆನ್ನು ಹಾಕಿ, ಸತ್ತವರಿಗಾಗಿ ಹಾಡುವ ಅಳುಹಾಡು ಎತ್ತಿಯೇಬಿಟ್ಟರು. ಸೊಸೆಯಂದಿರು ದನಿಗೂಡಿಸಿದರು. ಬದುಕಿದ್ದಾರೆ, ಬದುಕಿದ್ದಾರೆ ಎಂದು ಬುರುಲ್ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಅಳು ಕೇಳಿದ ಕೆಳಗಿನ ಗುಡಾರಗಳ ಗಂಡಸರು, ಅಯ್ಯೋ ಅಣ್ಣಾ ಎಂದು ಅಳುತ್ತಾ ಕುದುರೆಗಳ ಮೇಲೆ ಬಂದಿಳಿದರು. ಒಬ್ಬನಂತೂ ಸಾವಿನ ಊಟಕ್ಕೆಂದು ಆಗಲೇ ಟಗರು ಕೆಡವಿ ಕಾಲು ಕಟ್ಟಿದ್ದ.

ಕೊನೆಗೆ ಬುರುಲ್ ಅಪಾರ ಎದುರು ಮಂಡಿಯೂರಿ, ಭುಜ ಹಿಡಿದು ಅಲುಗಾಡಿಸಿ ವಿಷಯ ಹೇಳಿದಳು. ಅಪಾ ಹಾಡು ನಿಲ್ಲಿಸಿ ಅವಳನ್ನೇ ದಿಟ್ಟಿಸಿ ನೋಡಿದರು.

"ಸೂಪಿಗೆ ಉಪ್ಪು ಕಮ್ಮಿ ಅಂದ್ನಾ?"

"ಹೂಂ ಅಪಾ. ನರ್ಸಮ್ಮನಿಗೆ ಬೈದ್ರಂತೆ."

"ಹಂಗಾದ್ರೆ ಬದುಕಿದಾನೆ," ಎಂದರು ಅಪಾ. ಆಮೇಲೆ ಬುರುಲ್‌ಗೆ ಬೆನ್ನ ಮೇಲೆ ಒಂದು ಏಟು ಕೊಟ್ಟು, ಅವಳನ್ನೇ ತಬ್ಬಿಕೊಂಡು ಇನ್ನೊಮ್ಮೆ ಅತ್ತರು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಕಟ್ಟಿದ ಟಗರನ್ನು ಬಿಚ್ಚಲಿಲ್ಲ, ದೇವರಿಗೆ ಕೃತಜ್ಞತೆ ಎಂದು ಅದನ್ನೇ ಅಡುಗೆಗೆ ಕೊಟ್ಟರು.

ಬುರುಲ್‌ಗೆ ಆ ಕ್ಷಣ ಇನ್ನೊಂದು ಹೊಳೆಯಿತು. ಕೆಳಗಿನ ಗುಡಾರಗಳಿಂದ ಇಲ್ಲಿಗೆ ಬರುವ ಹತ್ತಿರದ ದಾರಿ ಹಗ್ಗದ ಒಳಗಿನದು. ಸಾವಿನ ಮನೆಗೆ ಓಡುವವನು ಹಗ್ಗ ನೋಡುತ್ತಾನೆಯೇ? ಅವಳು ಬರಿಗಾಲಲ್ಲೇ ಇಳಿಜಾರಿಗೆ ಓಡಿದಳು.

ಗೊರಸಿನ ಗುರುತುಗಳು ಹಗ್ಗದವರೆಗೂ ನೇರ ಬಂದಿದ್ದವು. ಅಲ್ಲಿ ಬಾಗಿ, ಹಗ್ಗದ ಉದ್ದಕ್ಕೂ ಗುಡ್ಡ ಬಳಸಿ ಹೋಗಿದ್ದವು. ಒಂದು ಕುದುರೆಯೂ ಒಳಗೆ ಕಾಲಿಟ್ಟಿರಲಿಲ್ಲ. ಕ್ರೌಂಚ ಮೊಟ್ಟೆಯ ಮೇಲೆ ಕೂತೇ ಇತ್ತು. ಬುರುಲ್ ಅಲ್ಲೇ ಕುಸಿದು ಕೂತು ಅತ್ತಳು. ಹಿಂದೆಯೇ ಬಂದ ಶೆರಾಲಿ ಎಂಬ ಹಿರಿಯ ಕುರುಬನಿಗೆ ಅದನ್ನು ನೋಡಿ ನಗು.

"ಯಾಕಮ್ಮ ಅಳ್ತೀಯ? ಸತ್ತೋನಿಗೇನು ಅವಸರ ಅಂತ ಸುತ್ತಾಕ್ಕೊಂಡು ಬಂದ್ವಿ."

ಎರಡು ದಿನ ಬಿಟ್ಟು ಎಮಿಲ್ ಬಂದಾಗ ಬುರುಲ್ ಯಾರಿಗೂ ಕಾಯದೆ ತಾನೇ ಎಲ್ಲ ಒಪ್ಪಿಸಿದಳು. ಅವರು ಹಗ್ಗದ ಅಂಚಿಗೆ ಹೋಗಿ, ಒಣಗಿದ ಕೆಸರಿನಲ್ಲಿ ಉಳಿದಿದ್ದ ಗೊರಸಿನ ಗುರುತುಗಳ ಜೊತೆಗೇ ಕೊನೆಯವರೆಗೂ ನಡೆದರು. ಹಿಂತಿರುಗುವಾಗ ಸೊನುನ್ ಅಪಾ ಅಡ್ಡಗಟ್ಟಿದರು. ಮುಂದಿನ ವರ್ಷ ಬೇರೆ ಯಾರನ್ನಾದರೂ ಕಳಿಸಿದರೆ ಕುರಿಗಳನ್ನು ಒಳದಾರಿಯಲ್ಲೇ ನುಗ್ಗಿಸುತ್ತೇನೆ ಎಂದು ಅವರ ಬೆದರಿಕೆ.

"ನಾನು ಇಷ್ಟು ವರ್ಷ ಹಗ್ಗ ಕಟ್ಟಿದೀನಿ. ಅಳ್ತಾ ಬರೋರೂ ಅದಕ್ಕೆ ಸುತ್ತು ಹಾಕಿದ್ದು ಇದೇ ಮೊದಲು," ಎಂದರು ಎಮಿಲ್ ಬುರುಲ್‌ಗೆ. ಋತು ಮುಗಿಯುವುದಕ್ಕೂ ಕಾಯಲಿಲ್ಲ. ಜೀಪಿನಿಂದ ಕಾವಲುಗಾರರ ಹಸಿರು ಕೋಟೊಂದನ್ನು ತೆಗೆದು ಕೊಟ್ಟರು. ಗಂಡಸರ ಅಳತೆಯದು, ಹೆಂಗಸರ ಅಳತೆಯದನ್ನು ಇಲ್ಲಿ ಯಾರೂ ಹೊಲಿಸಿಲ್ಲ.

ಈಗ ಗುಡಾರದ ಮುಂದಿನ ಬಿಸಿಲಿನಲ್ಲಿ ಸೊನುನ್ ಅಪಾ ಆ ಕೋಟಿನ ತೋಳನ್ನು ಮಡಚಿ ಹೊಲಿಯುತ್ತಿದ್ದಾರೆ. ಬುರುಲ್ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಾಳೆ. ಮುಂದೇನು ಆಸೆ ಎಂದು ಕೇಳಿದರೆ ದಾರದ ತುದಿ ಹೊಸೆಯುತ್ತಾ ಹೇಳುತ್ತಾಳೆ.

"ಅಮ್ಮ ಚಳಿಗಾಲಕ್ಕೆ ರಜೆ ಮೇಲೆ ಬರ್ತಾಳೆ. ನನ್ನ ಕರ್ಕೊಂಡು ಹೋಗ್ಬೇಕು ಅಂತಾನೇ ಬರ್ತಿರೋದು, ಕೆಲಸ ಸಿಕ್ಕಿದ್ದು ಅವಳಿಗಿನ್ನೂ ಹೇಳಿಲ್ಲ. ಈ ಕೋಟು ಹಾಕ್ಕೊಂಡು ಬಸ್ ಹತ್ರ ಹೋಗಿ ನಿಂತ್ಕೋತೀನಿ. ನೋಡಿದ ತಕ್ಷಣ ಅವಳಿಗೇ ಗೊತ್ತಾಗುತ್ತೆ."