ಮೇಜಿನ ತಲೆಯಲ್ಲಿ ನಾಜಿಬ್ರೋಲಾ

ಅರ್ಧ ಮೈ ಒಲೆಯ ಬಾಯೊಳಗೆ. ಹಿಟ್ಟಿನ ಉದ್ದನೆಯ ಪಟ್ಟಿಯೊಂದನ್ನು ಕಾದ ಮಣ್ಣಿನ ಗೋಡೆಗೆ ಪಟ್ಟನೆ ಬಡಿದು ನಾಜಿಬ್ರೋಲಾ ಮೇಲೇಳುತ್ತಾರೆ. ಹುಬ್ಬಿನ ಮೇಲೆ ಹಿಟ್ಟು, ತುಟಿಯಲ್ಲೇನೋ ಗುನುಗು. ಬೆಳಕು ಹರಿಯುವುದರೊಳಗೆ ಇನ್ನೂರು ರೊಟ್ಟಿ ಆಗಬೇಕು, ಆಗಿರುವುದು ಅರವತ್ತು.

ಇವತ್ತು ನಮ್ಮೂರ ಹುಡುಗಿ ಇಯಾಳ ಮದುವೆ. ನೂರೈವತ್ತು ಜನರ ಊಟಕ್ಕೆ ಈ ರೊಟ್ಟಿಯಮ್ಮನೇ ತಮದಾ. ಮೇಜಿನ ತಲೆಯಲ್ಲಿ ಕೂತು, ಒಂದೊಂದೇ ಹಾರೈಕೆ ನುಡಿದು, ಎಲ್ಲರ ಲೋಟ ಎತ್ತಿಸುವ ಹೊಣೆ. ಇಪ್ಪತ್ತು ವರ್ಷ ಹೆಂಗಸರ ಮೇಜು ನಡೆಸಿದ್ದಾರೆ. ಗಂಡಸರೂ ಕೂರುವ ಮೇಜು ಇದೇ ಮೊದಲು, ಅದೂ ಇಯಾಳ ಹಟಕ್ಕೆ.

“ಎರಡು ದಿನದಿಂದ ಊಟ ಸೇರ್ತಿಲ್ಲ ಕಣೇ. ಹೆದರಿಕೆ ಅಂದ್ಕೊಂಡಿದ್ದೆ. ಖುಷಿ ಇದು!” ಎನ್ನುತ್ತಾರೆ, ಪಕ್ಕದಲ್ಲಿ ಹಿಟ್ಟು ನಾದುತ್ತಿರುವ ನನಗೆ.

ಗಂಡ ಹೋದಾಗ ಇವರಿಗೆ ಮೂವತ್ತೊಂದು. ಆ ಸಾವಿನೂಟದ ತಮದಾ ಸತ್ತವನ ಅಪ್ಪ, ಅಣ್ಣಂದಿರು, ಗೆಳೆಯರನ್ನೆಲ್ಲ ನೆನೆದನಂತೆ. “ಅವನ ಕುದುರೇನೂ ನೆನೆದ್ರು. ನಾನು ಅಲ್ಲೇ ಬಡಿಸ್ತಾ ಇದ್ದೆ.”

ರೊಟ್ಟಿ ಒಯ್ಯಲು ಇಯಾಳ ಸೋದರಮಾವ ಜುಂಬೇರ್ ಬರುತ್ತಾನೆ. “ಏ ನಾಜಿ, ನಾಲ್ಕನೇ ಲೋಟಕ್ಕೇ ನಿನ್ನನ್ನ ಮೇಜಿನ ಕೆಳಗೆ ಹುಡುಕ್ಬೇಕೇನೋ!”

“ಹೋದ ಸುಗ್ಗೀಲಿ ನಿನ್ನನ್ನ ತಳ್ಳೋಗಾಡೀಲಿ ಮನೆ ಸೇರಿಸಿದ್ದು ಯಾರಪ್ಪ?”

ಅವನು ನಗುತ್ತಾನೆ. ಆಮೇಲೆ ದನಿ ತಗ್ಗಿಸುತ್ತಾನೆ. “ಒಂದ್ ಮಾತು. ಅಪ್ಪ ಅಮ್ಮಂದಿರ ಹಾರೈಕೇಲಿ ನಮ್ಮ ಎತೇರಿ ಹೆಸರು ಎತ್ಬೇಡ. ಎಲ್ರೂ ಅಳ್ತಾ ಕೂರ್ತಾರೆ. ಮದುವೆ ಕಣೇ ಇದು.”

ಎತೇರಿ ಇಯಾಳ ತಾಯಿ. ಒಂಬತ್ತು ವರ್ಷದಿಂದ ಇಟಲಿಯಲ್ಲಿ ಯಾರದೋ ಮುದಿ ತಾಯಿಯನ್ನು ನೋಡಿಕೊಳ್ಳುತ್ತಿದ್ದಾಳೆ. ಕಾಗದಪತ್ರ ಸರಿಯಿಲ್ಲ, ಒಮ್ಮೆ ಬಂದರೆ ಮತ್ತೆ ಹೋಗುವಂತಿಲ್ಲ. ಇವತ್ತಿನ ಕುರಿ, ವೈನು, ಮಗಳ ಬಿಳಿ ಉಡುಪು ಎಲ್ಲ ಅವಳ ದುಡಿಮೆಯೇ.

“ನೋಡೋಣ,” ಎಂದು ನಾಜಿಬ್ರೋಲಾ ರೊಟ್ಟಿ ಕಟ್ಟಿಕೊಡುತ್ತಾರೆ.

ಮಧ್ಯಾಹ್ನ ಮದುಮಗಳ ಮುಡಿಗೆ ಪಿನ್ನು ಸಿಕ್ಕಿಸುತ್ತ ಕೇಳುತ್ತಾರೆ: “ಅಮ್ಮಂಗೆ ಬಿಡುವು ಯಾವಾಗ ಮಗಳೇ?”

“ಆ ಅಜ್ಜಿ ಮಲಗಿದಾಗ ಚಿಕ್ಕಮ್ಮ. ನಮ್ಮ ಐದು ಗಂಟೆಗೆ. ಅರ್ಧ ಗಂಟೆ ಫೋನ್ ಎತ್ತಬಹುದು. ಯಾಕೆ?”

“ಸುಮ್ನೆ ಕೇಳ್ದೆ.”

ಮೂರೂವರೆಗೆ ಮೊದಲ ಹಾರೈಕೆ, ಶಾಂತಿಗೆ. ತಡವರಿಸದ ದನಿ. ಮೂಲೆಯಲ್ಲಿ ಗೊಣಗುತ್ತಿದ್ದ ಮುದುಕರೂ ಎದ್ದು ನಿಲ್ಲುತ್ತಾರೆ. “ಗೌಮರ್ಜೋಸ್!” ಎಂಬ ಜಯಕಾರದಲ್ಲಿ ಜುಂಬೇರನ ಗಂಟಲೇ ಎಲ್ಲರದಕ್ಕಿಂತ ಜೋರು. ನಾಡಿಗೆ, ಅಗಲಿದವರಿಗೆ, ಹೊಸ ಜೋಡಿಗೆ ಲೋಟಗಳು ಏಳುತ್ತಲೇ ಇವೆ. ನನಗೇ ಮೈ ಜುಮ್ಮೆನ್ನುತ್ತಿದೆ.

ನಾಲ್ಕೂ ಮುಕ್ಕಾಲು. ಪದ್ಧತಿಯಂತೆ ಇನ್ನು ತಂದೆತಾಯಿಯರ ಸರದಿ. ಲೋಟ ತುಂಬಿಸಿಕೊಂಡು ಎಲ್ಲರೂ ಕಾಯುತ್ತಿದ್ದಾರೆ. ನಾಜಿಬ್ರೋಲಾ ಗೋಡೆಯ ಗಡಿಯಾರ ನೋಡುತ್ತಾರೆ. ಇಯಾಳ ಫೋನನ್ನು ತಮ್ಮ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡು ಹಾಡುಗಾರರತ್ತ ತಿರುಗುತ್ತಾರೆ.

“ಮೊದಲು ಒಂದು ಹಾಡು ಆಗ್ಲಿ. ಉದ್ದದ್ದು.”