ಅಣ್ಣ ತಪ್ಪೆಂದ ಲೆಕ್ಕ

ನಂಜನಗೂಡಿಗೆ ಎರಡನೆಯ ಸಲ ಪ್ಲೇಗು ಬಂದ ವರ್ಷದ ಮಾತು. ನಮ್ಮ ಮನೆಯ ಅಟ್ಟದಿಂದ ಇಲಿ ಸತ್ತು ಬಿದ್ದ ದಿನವೇ ಅವ್ವ, ಅಣ್ಣ, ನಾನು ಮನೆಗೆ ಬೀಗ ಹಾಕಿ, ಕಳಲೆ ದಾರಿಯ ಹೊಲದಲ್ಲಿ ಎಲ್ಲರಂತೆ ಗುಡಿಸಲು ಹಾಕಿಕೊಂಡೆವು. ಅಣ್ಣ ತಿರುಮಕೂಡಲು ನರಸೀಪುರದಲ್ಲಿ ಲೆಕ್ಕದ ಮೇಷ್ಟ್ರು. ಶಾಲೆ ಮುಚ್ಚಿದ್ದರಿಂದ ಊರಿಗೆ ಬಂದಿದ್ದ. ನನಗೆ ಲೆಕ್ಕ ಕಲಿಸಿದವನೂ ಅವನೇ. ಬಹಳ ಕಟ್ಟುನಿಟ್ಟು. ಸರಿಯಿದ್ದರೆ ಸರಿ, ತಪ್ಪಿದ್ದರೆ ತಪ್ಪು. ನಾನು ಅತ್ತು ಕರೆದರೂ ಕರಗುತ್ತಿರಲಿಲ್ಲ.

ಹೊಲಕ್ಕೆ ಬಂದ ಮೇಲೆ ಅವನಿಗೇ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ಕಾಯಿಲೆಯವರಿಗೆ ದೂರದಲ್ಲಿ ಬೇರೆ ಗುಡಿಸಲು, ಸುತ್ತ ಹಗ್ಗ. ಗಂಜಿಯನ್ನು ಹಗ್ಗದ ಬಳಿಯ ಕಲ್ಲಿನ ಮೇಲಿಟ್ಟು ನಾವು ಹಿಂದೆ ಸರಿಯಬೇಕು. ಅಲ್ಲಿ ನೋಡಿಕೊಳ್ಳುತ್ತಿದ್ದ ಮುದುಕನೊಬ್ಬ ಬಂದು ಒಯ್ಯುತ್ತಿದ್ದ. ಅವ್ವ ಅತ್ತೂ ಅತ್ತೂ ಹಾಸಿಗೆ ಹಿಡಿದಿದ್ದಳು. ಗಂಜಿ ಒಯ್ಯುವುದು ನನ್ನ ಪಾಲಿಗೆ ಬಂತು.

ಒಂದು ಬೆಳಿಗ್ಗೆ ಅಣ್ಣ ಗುಡಿಸಲ ಬಾಗಿಲಲ್ಲಿ ಚಾಪೆಯ ಮೇಲೆ ಮಲಗಿ ನರಳುತ್ತಿದ್ದ. ನೋಡಲಾಗಲಿಲ್ಲ. ಹಗ್ಗ ಎತ್ತಿದೆ.

"ದಾಟ್ಬೇಡ ಕಣವ್ವ," ಎಂದ.

"ಅಣೆಗೆ ಒದ್ದೆ ಬಟ್ಟೆ ಆಕಿ ಬತ್ತೀನಿ ಕಣಣ್ಣ."

"ಒಂದು ಲೆಕ್ಕ ಯೇಳ್ತೀನಿ. ಬುಡ್ಸುದ್ರೆ ಒಳೀಕ್ ಬಾ."

ಲೆಕ್ಕ ಹೇಳುವಾಗ ಮಾತ್ರ ಅವನ ಮಾತು ಪುಸ್ತಕದ ಮಾತಾಗುತ್ತಿತ್ತು. "ಮೂರು ಸಂಖ್ಯೆಗಳು. ಸೊನ್ನೆ ಇಲ್ಲ, ಭಿನ್ನರಾಶಿ ಇಲ್ಲ. ಮೊದಲೆರಡನ್ನು ಗುಣಿಸಿ, ಬಂದದ್ದಕ್ಕೆ ಆ ಎರಡನ್ನೂ ಕೂಡಿದರೆ ಹನ್ನೊಂದು. ಎರಡನೆಯದಕ್ಕೂ ಮೂರನೆಯದಕ್ಕೂ ಹೀಗೇ ಮಾಡಿದರೆ ಹದಿನಾಲ್ಕು. ಮೊದಲನೆಯದಕ್ಕೂ ಮೂರನೆಯದಕ್ಕೂ ಮಾಡಿದರೆ ಹತ್ತೊಂಬತ್ತು."

ಇಂಥ ಹೊತ್ತಿನಲ್ಲಿ ಎಂಥ ಲೆಕ್ಕ ಎಂದು ಸಿಟ್ಟೇ ಬಂತು. ಆದರೂ ರಾಗಿ ಬೀಸುತ್ತಾ ಅದನ್ನೇ ಯೋಚಿಸಿದೆ. ಮೊತ್ತಕ್ಕೆ ಒಂದು ಸೇರಿಸಿದರೆ ಗಂಟು ಬಿಚ್ಚುತ್ತದೆ ಎಂದು ಹೊಳೆಯಿತು. ಹನ್ನೊಂದು ಹನ್ನೆರಡಾಗುತ್ತದೆ, ಒಂದೊಂದು ಹೆಚ್ಚಿಸಿದ ಆ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವುದೂ ಹನ್ನೆರಡೇ. ಹಾಗೆಯೇ ಹದಿನೈದು, ಇಪ್ಪತ್ತು. ಹನ್ನೆರಡನ್ನೂ ಹದಿನೈದನ್ನೂ ಭಾಗಿಸುವುದು ಒಂದು, ಇಲ್ಲವೇ ಮೂರು. ಒಂದೆಂದರೆ ಎರಡನೆಯ ಸಂಖ್ಯೆ ಸೊನ್ನೆಯಾಗುತ್ತದೆ, ಹಾಗಾಗಿ ಮೂರೇ. ಉಳಿದವು ನಾಲ್ಕು, ಐದು. ಹೆಚ್ಚಿಸಿದ್ದನ್ನು ಕಳೆದರೆ ಸಂಖ್ಯೆಗಳು ಮೂರು, ಎರಡು, ನಾಲ್ಕು.

ಓಡಿಹೋಗಿ ಹಗ್ಗದ ಬಳಿ ನಿಂತು ಕೂಗಿ ಹೇಳಿದೆ. ಅಣ್ಣ ಮುಖವನ್ನು ಆಚೆ ತಿರುಗಿಸಿಕೊಂಡ.

"ತಪ್ಪು. ಓಗಿ ಇನ್ನೊಂದ್ಸಲ ಮಾಡು," ಎಂದ.

ಮಣ್ಣಿನ ಮೇಲೆ ಬರೆದು ತಾಳೆ ನೋಡಿದೆ. ಎಲ್ಲ ಕೂಡುತ್ತಿತ್ತು. ಪ್ರಶ್ನೆಯನ್ನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂದುಕೊಂಡೆ. ಅಣ್ಣನನ್ನು ಅನುಮಾನಿಸುವುದು ಮನಸ್ಸಿಗೇ ಬರಲಿಲ್ಲ. ಸಂಜೆ ಮತ್ತೆ ಹೋಗಿ ಅದೇ ಉತ್ತರ ಹೇಳಿದೆ. ಈ ಸಲ ಅಣ್ಣ ತಲೆಯನ್ನಷ್ಟೇ ಅಡ್ಡಡ್ಡ ಆಡಿಸಿದ. ನಾನು ಮುಖ ಊದಿಸಿಕೊಂಡು ವಾಪಸು ಬಂದೆ.

ಮಾರನೆಯ ದಿನ ಗಂಜಿ ಒಯ್ದಾಗ ಗುಡಿಸಲಿಗೆ ಬೆಂಕಿ ಹಾಕುತ್ತಿದ್ದರು. ಮುದುಕ ಹಗ್ಗದಾಚೆಯಿಂದಲೇ ಹೇಳಿದ: "ಓಗ್ಬುಟ್ರು ಕಣವ್ವ. ಉತ್ರ ಸರಿಯಾಗೇ ಯೇಳವ್ಳೆ, ಸರಿ ಅಂದ್ರೆ ಒಳೀಕ್ ಬಂದ್ಬುಡ್ತಾಳೆ ಅಂತಿದ್ರು ಮೇಷ್ಟ್ರು."

ಗಂಜಿಯ ಚೆಂಬನ್ನು ಎಂದಿನಂತೆ ಕಲ್ಲಿನ ಮೇಲಿಟ್ಟು ಹಿಂದೆ ಸರಿದೆ.

ಈಗ ನನಗೆ ಮೊಮ್ಮಕ್ಕಳಿದ್ದಾರೆ. ಅಣ್ಣನ ಮೇಲಿನ ಕೋಪ ಮಾತ್ರ ಇಳಿದಿಲ್ಲ. ಅವನ ಹಣೆ ಮುಟ್ಟಲು ಬಿಡಲಿಲ್ಲವಲ್ಲ ಎಂದು ಒಮ್ಮೊಮ್ಮೆ ಒಬ್ಬಳೇ ಕೂತು ಅಳುತ್ತೇನೆ. ಮಕ್ಕಳಿಗೆ ಈ ಲೆಕ್ಕ ಕೊಡುತ್ತೇನೆ. ಅವರು ಮೂರು, ಎರಡು, ನಾಲ್ಕು ಎಂದು ಓಡಿಬಂದಾಗ ಹತ್ತಿರ ಕರೆದು ತಲೆ ಸವರಿ, ಸರಿ ಎನ್ನುತ್ತೇನೆ.