ಕಾರ್ಡಕ್ಕನ ಹದಿನಾಲ್ಕು ತಪ್ಪು ಕಾರ್ಡುಗಳು

ರಕ್ತನಿಧಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾರ್ಡಕ್ಕ ಎಂದೇ. ದಾನಿಗಳ ಕಾರ್ಡಿನ ಮೇಲೆ ಅವರ ನಂಬರು, ರಕ್ತದ ಗುಂಪನ್ನು ಹದಿನೆಂಟು ವರ್ಷ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದವಳು. ಬೆರಳ ಗಂಟು ನೋಯತೊಡಗಿದಾಗ, ನಲವತ್ತಾರರ ವಯಸ್ಸಿನಲ್ಲಿ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆ ಕಲಿತು, ದಾನಿ ಸೈಟಿನಲ್ಲಿ ತನ್ನ ನಂಬರು ಹಾಕಿದ ಕ್ಷಣಕ್ಕೇ ಕಾರ್ಡಿನ ಚಿತ್ರ ತಯಾರಾಗುವ ಪ್ರೋಗ್ರಾಂ ಬರೆದಳು.

ತೊಂದರೆ ಒಂದೇ. ಹಳೆಯ ಬ್ರೌಸರುಗಳಲ್ಲಿ ಚಿತ್ರ ಕಾಣುತ್ತಿತ್ತು. ಡೌನ್‌ಲೋಡ್ ಒತ್ತಿದರೆ ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ಚಿತ್ರದ ನಕಲು ಇಟ್ಟುಕೊಳ್ಳಬೇಡ ಎಂದು ಅವಳ ಪ್ರೋಗ್ರಾಮೇ ಬ್ರೌಸರಿಗೆ ಹೇಳುತ್ತಿತ್ತು. ಆ ಸಾಲು ಅಳಿಸಿ, ಯಾರು ಬೇಕಾದರೂ ಇಟ್ಟುಕೊಳ್ಳಲಿ ಎಂಬ ಸಾಲು ಹಾಕಿದಳು. ಪರೀಕ್ಷೆಗೆಂದು, ದಾನಿಯಾಗಿದ್ದ ತನ್ನ ನಾದಿನಿಯ ನಂಬರು ಕೊಟ್ಟಳು. ಕಾರ್ಡು ಸಲೀಸಾಗಿ ಇಳಿಯಿತು.

ಮರುದಿನ ಮಧ್ಯಾಹ್ನ ಬಸ್ ಡ್ರೈವರೊಬ್ಬ ಕಾರ್ಡು ಹಿಡಿದು ಬಂದ.

"ಅಕ್ಕಾ, ನಂದು ಓ ಪಾಸಿಟಿವ್. ಇದ್ರಲ್ಲಿ ಎಬಿ ಅಂತಿದೆ. ನಂಬರೂ ನಂದಲ್ಲ."

ನಂಬರು ನಾದಿನಿಯದು.

ಕಾರ್ಡಕ್ಕ ಡ್ರೈವರನ ನಂಬರು ಹಾಕಿ ನೋಡಿದಳು. ತೆರೆಯ ಮೇಲೆ ಓ. ಡೌನ್‌ಲೋಡ್ ಒತ್ತಿದರೆ ಎಬಿ. ಡೌನ್‌ಲೋಡಿಗೆ ಎಲ್ಲರಿಗೂ ಒಂದೇ ವಿಳಾಸ ಕೊಟ್ಟಿದ್ದಳು. ಸೈಟು ಬೇಗ ತೆರೆಯಲೆಂದು ಮುಂದೆ ಕೂರಿಸಿದ್ದ ಸರ್ವರ್ ಕಂಪ್ಯೂಟರು ನಾದಿನಿಯ ಕಾರ್ಡಿನ ಚಿತ್ರವನ್ನು ಇಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಹಂಚಿತ್ತು. ಇಟ್ಟುಕೋ ಎಂದವಳು ಅವಳೇ.

ಸೈಟಿನ ಪುಟವನ್ನು ಮುಚ್ಚಿ, ಯಾರ್ಯಾರು ಕಾರ್ಡು ಇಳಿಸಿದ್ದಾರೆಂದು ಪಟ್ಟಿ ತೆಗೆದು, ರಕ್ತನಿಧಿಯ ಡಾಕ್ಟರ ಕೋಣೆಗೆ ಹೋದಳು.

"ಡಾಕ್ಟ್ರೇ, ತಪ್ಪು ಗುಂಪಿನ ಕಾರ್ಡು ಹೊರಗೆ ಹೋಗಿದೆ. ಹದಿನಾಲ್ಕು."

ಡಾಕ್ಟರು ಪೆನ್ನು ಕೆಳಗಿಟ್ಟರು. "ರಕ್ತ ಏರಿಸೋ ಮುಂಚೆ ಎಲ್ರೂ ಪರೀಕ್ಷೆ ಮಾಡ್ತಾರೆ. ಕಾರ್ಡು ನೋಡಿ ಯಾರೂ ಕೊಡಲ್ಲ. ಮೊದ್ಲು ಕೂತ್ಕೊಳ್ಳಿ."

"ಕೂರಕ್ಕಾಗಲ್ಲ ಡಾಕ್ಟ್ರೇ."

ಡ್ರೈವರನ ಕಾರ್ಡು ಅಲ್ಲೇ ಕೈಗೆ ಬಂದಿತ್ತು. ಇನ್ನು ಹನ್ನೆರಡು ಮಂದಿಗೆ ಫೋನು ಮಾಡಿ ಕಾರ್ಡು ಹರಿದುಹಾಕಲು ಹೇಳಿದಳು. ಉಳಿದವಳು ಟೈಲರಮ್ಮ, ಫೋನು ಎತ್ತಲಿಲ್ಲ. ಕಾರ್ಡಕ್ಕ ಅವಳ ಅಂಗಡಿಗೇ ಓಡಿದಳು. ಕಾರ್ಡು ಹೊಲಿಗೆ ಮಷೀನಿನ ಪಕ್ಕ ಗೋಡೆಗೆ ಅಂಟಿತ್ತು.

ವಿಷಯ ಕೇಳಿ ಟೈಲರಮ್ಮ ಪಿಳಿಪಿಳಿ ನೋಡಿದಳು. "ಅಪರೂಪದ ಎಬಿ ರಕ್ತ ನಂದು ಅಂತ ಬೆಳಗ್ಗೆಯಿಂದ ನಮ್ಮೆಜಮಾನ್ರ ಮುಂದೆ ಜಂಬ ಕೊಚ್ಕೊಂಡಿದ್ದೀನಲ್ಲ."

ಕಾರ್ಡಕ್ಕನಿಗೆ ನಗು ಬರಲಿಲ್ಲ. ಕಾರ್ಡು ಕಿತ್ತು ನಾಲ್ಕು ಚೂರು ಮಾಡಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಪ್ರತಿ ಕಾರ್ಡಿಗೂ ಬೇರೆ ವಿಳಾಸ ಕೊಟ್ಟಳು. ಚಿತ್ರದ ನಕಲು, ಕೇಳಿದವರ ಬ್ರೌಸರಿನಲ್ಲಿ ಮಾತ್ರ ಉಳಿಯಲಿ, ಸರ್ವರಿನಲ್ಲಿ ಬೇಡ ಎಂದು ಬರೆದಳು. ಹದಿನಾಲ್ಕನ್ನೂ ಮೂರು ಬ್ರೌಸರುಗಳಲ್ಲಿ ಇಳಿಸಿ, ರಿಜಿಸ್ಟರಿಗೆ ತಾಳೆ ನೋಡಿದಳು. ಎಲ್ಲವೂ ಸರಿಯಿದ್ದವು. ಆದರೂ ಪುಟವನ್ನು ಮತ್ತೆ ತೆರೆಯುವ ಗುಂಡಿಯ ಮೇಲಿಟ್ಟ ಬೆರಳು ಕೆಳಗಿಳಿಯಲಿಲ್ಲ. ಕೊನೆಗೆ ಡಾಕ್ಟರೇ ಬಂದು ಒತ್ತಿದರು.